ಖಾಲಿ ಕೇಳಿಸಬೇಕು: ಕಲಬುರಗಿಯ ರಿಯಾಜಿಗೆ ಎಲೆಕ್ಟ್ರಾನಿಕ್ ತಬಲಾ ಎಷ್ಟು ಆಗಿಬರುತ್ತದೆ

ಎಲೆಕ್ಟ್ರಾನಿಕ್ ತಬಲಾ ಕೊಳ್ಳಲು ಹೋದವರು ಮೊದಲು ಕೇಳುವುದು ‘ಇದರಾಗ ಎಷ್ಟು ತಾಲ ಅದಾವ್ರಿ?’ ಅಂತ. ಅಂಗಡಿಯವರು ಅರವತ್ತು ಅನ್ನುತ್ತಾರೆ, ನೂರು ಚಿಲ್ಲರೆ ಅನ್ನುತ್ತಾರೆ. ಕಲಬುರಗಿಯಲ್ಲಿ ಖಯಾಲ್ ಕಲಿಯುವವರಿಗೆ, ವಚನ ಹಾಡುವವರಿಗೆ, ಶ್ರಾವಣದ ಭಜನೆಗೆ ಕೂರುವವರಿಗೆ ವರ್ಷವಿಡೀ ಬೇಕಾಗುವುದು ಏಳೆಂಟು: ತೀನತಾಲ, ಏಕತಾಲ, ಝಪತಾಲ, ರೂಪಕ, ದೀಪಚಂದಿ, ಕೆಹರವಾ, ದಾದರಾ, ಜೊತೆಗೊಂದು ಭಜನಿ ಠೇಕಾ (ಠೇಕಾ ಅಂದರೆ ತಾಲದ ನಿಗದಿತ ನುಡಿಗಳ ಸಾಲು). ಉಳಿದವು ಡಬ್ಬದ ಮೇಲಿನ ಪಟ್ಟಿ ಉದ್ದವಾಗಲಿಕ್ಕೆ. ಅಂಗಡಿಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಈ ಪೆಟ್ಟಿಗೆಯಲ್ಲಿ ‘ಖಾಲಿ’, ಅಂದರೆ ತಾಲದಲ್ಲಿ ಚಪ್ಪಾಳೆ ಹಾಕದೆ ಬಿಡುವ ಜಾಗ, ಕಿವಿಗೆ ಬೀಳುತ್ತದೋ ಇಲ್ಲವೋ? ಅದಕ್ಕೆ ಉತ್ತರ ಅಂಗಡಿಯವರು ಕೊಡಬೇಕಿಲ್ಲ, ನಿಮ್ಮ ಕಿವಿಯೇ ಕೊಡುತ್ತದೆ.

ಯಾಕೆ ಅಂತ ತೀನತಾಲ ಇಟ್ಟುಕೊಂಡೇ ನೋಡೋಣ. 16 ಮಾತ್ರೆ (ತಾಲದ ಎಣಿಕೆ), ನಾಲ್ಕು ನಾಲ್ಕರ ನಾಲ್ಕು ವಿಭಾಗ. ಸುತ್ತು ಶುರುವಾಗುವ ಒಂದನೇ ಮಾತ್ರೆ ಸಮ್, ಐದಕ್ಕೆ ತಾಲಿ (ಚಪ್ಪಾಳೆ), ಒಂಬತ್ತಕ್ಕೆ ಖಾಲಿ, ಹದಿಮೂರಕ್ಕೆ ಮತ್ತೆ ತಾಲಿ.

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

‘ಧಾ’ ಅನ್ನುವುದು ಎರಡು ಕೈಗಳ ಕೂಡುನುಡಿ. ಬಲಗೈಯ ‘ತಾ’ಗೆ ಎಡಗೈ ಡಗ್ಗಾದ (ಮಂದ್ರ ನಾದದ ಎಡ ವಾದ್ಯ) ‘ಗೆ’ ಸೇರಿದರೆ ಧಾ. ಅದೇ ಲೆಕ್ಕದಲ್ಲಿ ‘ತಿಂ’ಗೆ ಡಗ್ಗಾ ಸೇರಿದರೆ ‘ಧಿಂ’. ಅಂದಮೇಲೆ ಮೂರನೇ ವಿಭಾಗದಲ್ಲಿ ಬಲಗೈ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿರುತ್ತದೆ, ಡಗ್ಗಾ ಮಾತ್ರ ಸುಮ್ಮನಾಗುತ್ತದೆ. ಇನ್ನೂ ಹತ್ತಿರದಿಂದ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕೈಯಲ್ಲಿ ತಾಲ ಹಾಕುವವರು ಅಂಗೈ ಮೇಲೆ ಮಾಡಿ ಖಾಲಿ ತೋರಿಸುವುದು ಒಂಬತ್ತನೇ ಮಾತ್ರೆಗೆ. ಡಗ್ಗಾ ನಿಲ್ಲುವುದು ಹತ್ತನೇ ಮಾತ್ರೆಯಿಂದ, ಮರಳಿ ಬರುವುದು ಹದಿನಾಲ್ಕಕ್ಕೆ. ಕೈ ಹೇಳುವ ಖಾಲಿಗೂ ಕಿವಿ ಕೇಳುವ ಖಾಲಿಗೂ ಒಂದು ಮಾತ್ರೆಯ ಅಂತರ. ಚಲೋ ಹಾಡುಗಾರರು ಸಮ್ ಹುಡುಕುವುದು ಎಣಿಸಿ ಅಲ್ಲ. ಹದಿನಾಲ್ಕಕ್ಕೆ ಡಗ್ಗಾ ವಾಪಸ್ ಬಂತಲ್ಲ, ಇನ್ನು ಮೂರು ಮಾತ್ರೆಗೆ ಸಮ್ ಅಂತ ಅವರ ಮೈಗೇ ಗೊತ್ತಿರುತ್ತದೆ.

ಈಗ ಪೆಟ್ಟಿಗೆಗೆ ಬನ್ನಿ. ಅಂಗೈಯಗಲದ ಸ್ಪೀಕರ್, ಕೆಲವದರಲ್ಲಿ ಎರಡೇ ಇಂಚು. ಡಗ್ಗಾದ ಮಂದ್ರ ನಾದವನ್ನು ಹೊರಹಾಕುವ ತಾಕತ್ತು ಅದಕ್ಕಿಲ್ಲ. ಒಳಗೆ ರೆಕಾರ್ಡಿಂಗ್ ಎಷ್ಟೇ ಚೆಂದ ಇರಲಿ, ಹೊರಗೆ ಬರುವಾಗ ‘ಧಾ’ದಲ್ಲಿನ ‘ಗೆ’ ಉದುರಿಹೋಗಿ ‘ತಾ’ ಉಳಿಯುತ್ತದೆ, ‘ಧಿಂ’ ಸೊರಗಿ ‘ತಿಂ’ ಆಗುತ್ತದೆ. ಆಗ ತೀನತಾಲ ಅಂದರೆ ನಾಲ್ಕು ಸಲ ಒಂದೇ ಸಾಲು. ಹದಿನಾರು ಮಾತ್ರೆ ಬರೋಬ್ಬರಿ ಇದ್ದರೂ ಎಲ್ಲಿದ್ದೇವೆ ಅನ್ನುವುದು ತಿಳಿಯದು. ತಯಾರಕರಿಗೂ ಇದು ಗೊತ್ತು. ಅದಕ್ಕೇ ಕೆಲವರು ಸಮ್‌ಗೆ ‘ಠಿಣ್’ ಅಂತ ಗಂಟೆ ಹಾಕಿರುತ್ತಾರೆ, ಕೆಂಪು ದೀಪ ಇಟ್ಟಿರುತ್ತಾರೆ. ಗಂಟೆ ನಂಬಿ ಕಲಿತ ಮಗು ನಾಳೆ ನಿಜವಾದ ತಬಲಾದ ಮುಂದೆ ಕೂತಾಗ ಗಂಟೆ ಎಲ್ಲಿ ಅಂತ ಹುಡುಕುತ್ತದೆ. ಗಂಟೆ ಬಂದ್ ಮಾಡುವ ಸೌಲಭ್ಯ ಇಲ್ಲದ ಪೆಟ್ಟಿಗೆಗೆ ನಮ್ಮ ಮಾರ್ಕು ಕಡಿಮೆ.

ಪರೀಕ್ಷೆ ಹೀಗೆ ಮಾಡಿ. ತೀನತಾಲ ಹಚ್ಚಿ, ಲಯ 100ರ ಸುತ್ತ ಇಟ್ಟು, ಪೆಟ್ಟಿಗೆಗೆ ಬೆನ್ನು ತಿರುಗಿಸಿ ನಿಲ್ಲಿ. ದೀಪ ಕಾಣಬಾರದು. ಎರಡು ಆವರ್ತನ (ತಾಲದ ಪೂರ್ತಿ ಸುತ್ತು) ಕೇಳಿದ ಮೇಲೆ ಡಗ್ಗಾ ನಿಂತ ಜಾಗಕ್ಕೆ ಕೈ ಎತ್ತಲು ಬಂದರೆ ಪೆಟ್ಟಿಗೆ ಪಾಸು. ಬರದಿದ್ದರೆ ಕೂಡಲೇ ಬಿಟ್ಟುಕೊಡಬೇಡಿ, ಹೊರಗಿನ ಸ್ಪೀಕರಿಗೆ ವಾಯರ್ ಜೋಡಿಸಿ ಇನ್ನೊಮ್ಮೆ ಕೇಳಿ. ಮನೆಯ ಟಿವಿಗೆ ಹಾಕುವ ಹೋಮ್ ಥಿಯೇಟರ್ ಆದರೂ ಸಾಕು, ಅದರಲ್ಲಿ ಡಗ್ಗಾ ಎದ್ದು ಬರುತ್ತದೆ. ಸ್ಪೀಕರ್ ಔಟ್ ಕಿಂಡಿಯೇ ಇಲ್ಲದ ಅಗ್ಗದ ಮಾದರಿಗಳನ್ನು ಮಾತ್ರ ಮುಟ್ಟಲೇಬೇಡಿ. ಸೂಪರ್ ಮಾರ್ಕೆಟಿನಂಥ ಗದ್ದಲದಲ್ಲಿ ನಿಂತರೆ ಯಾವ ಪೆಟ್ಟಿಗೆಯೂ ಪಾಸಾಗದು ಎನ್ನುವುದೂ ನಿಜ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಹೋಗಿ. ಬಿಸಿಲಿಗೆ ಆ ಹೊತ್ತು ಯಾರೂ ಬರುವುದಿಲ್ಲ.

ಮನೆಯಲ್ಲಿ ಎಲ್ಲಿ ಇಡುತ್ತೀರಿ ಅನ್ನುವುದರಿಂದಲೂ ವ್ಯತ್ಯಾಸ ಆಗುತ್ತದೆ. ನಮ್ಮ ಕಡೆ ನೆಲಕ್ಕೆಲ್ಲ ಶಹಾಬಾದ್ ಫರ್ಸಿ. ಬರಿ ಗೋಡೆ, ಬರಿ ಕಲ್ಲು ಇರುವ ಕೋಣೆಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ‘ತಿರಕಿಟ’ ಅನ್ನುವ ನಾಲ್ಕು ಅಕ್ಷರ ಕಲಸಿ ಮುದ್ದೆಯಾಗುತ್ತವೆ. ಒಂದು ಜಮಖಾನ ಹಾಸಿ, ಪೆಟ್ಟಿಗೆಯನ್ನು ನಡುಮನೆಯ ಮಧ್ಯದಿಂದ ಎತ್ತಿ ಮೂಲೆಗೆ, ಗೋಡೆಗೆ ಒಂದು ಗೇಣು ಬಿಟ್ಟು ಇಡಿ. ಮೂಲೆಯಲ್ಲಿ ಮಂದ್ರ ಸ್ವಲ್ಪ ಏರುತ್ತದೆ, ಜಮಖಾನದಿಂದ ಅಕ್ಷರಗಳು ಬಿಡಿಬಿಡಿಯಾಗುತ್ತವೆ. ಖರ್ಚಿಲ್ಲದ ಉಪಾಯ. ಗುಡಿಯ ಮೇಲಿನ ಕಹಳೆ ಸ್ಪೀಕರಿಗೆ ಜೋಡಿಸಿದರೆ ಮಾತ್ರ ಯಾವ ಉಪಾಯವೂ ನಡೆಯದು. ಕಹಳೆಗೆ ಮಂದ್ರವೇ ಬರುವುದಿಲ್ಲ. ದೂರದ ಓಣಿಯಲ್ಲಿ ಕೂತು ಕೇಳಿದರೆ ಭಜನೆಯಲ್ಲಿ ತಬಲಾ ಒಂಟಿಕೈಯಲ್ಲಿ ನುಡಿಸಿದ ಹಾಗೆ ಕೇಳುವುದು ಅದಕ್ಕೇ.

ಏಕತಾಲದಲ್ಲಿ ಈ ಡಗ್ಗಾ ರಗಳೆ ಇನ್ನೂ ಜೋರು.

ಧಿಂ ಧಿಂ | ಧಾಗೆ ತಿರಕಿಟ | ತೂ ನಾ | ಕತ್ ತಾ | ಧಾಗೆ ತಿರಕಿಟ | ಧೀ ನಾ

12 ಮಾತ್ರೆಯಲ್ಲಿ ‘ಧಾಗೆ ತಿರಕಿಟ’ ಎರಡು ಸಲ ಬರುತ್ತದೆ, ಮೂರು-ನಾಲ್ಕರಲ್ಲಿ ಒಮ್ಮೆ, ಒಂಬತ್ತು-ಹತ್ತರಲ್ಲಿ ಒಮ್ಮೆ. ಮೊದಲನೆಯದರ ಮುಂದೆ ‘ತೂ ನಾ’, ಅಲ್ಲಿ ಡಗ್ಗಾ ಇಲ್ಲ. ಎರಡನೆಯದರ ಮುಂದೆ ‘ಧೀ ನಾ’, ಅಲ್ಲಿ ಇದೆ, ಅದು ಮುಗಿದರೆ ಸಮ್. ಬಡಾ ಖಯಾಲ್ (ನಿಧಾನ ಲಯದ ಖಯಾಲ್) ಹಾಡುವವರು ಮುಖಡಾ, ಅಂದರೆ ಸಮ್‌ಗೆ ಕರೆದೊಯ್ಯುವ ಹಾಡಿನ ಮೊದಲ ತುಣುಕು, ಎತ್ತಿಕೊಳ್ಳಲು ಕಾಯುವುದು ಈ ಎರಡನೇ ತಿರಕಿಟಕ್ಕೆ. ಡಗ್ಗಾ ಕೇಳಿಸದ ಪೆಟ್ಟಿಗೆಯ ಜೊತೆ ಕೂತವರು ಮೊದಲನೇ ತಿರಕಿಟಕ್ಕೇ ಮುಖಡಾ ಎತ್ತಿ ಏಳನೇ ಮಾತ್ರೆಯ ‘ಕತ್’ ಮೇಲೆ ಬಂದು ಇಳಿಯುತ್ತಾರೆ. ಬರೋಬ್ಬರಿ ಅರ್ಧ ಆವರ್ತನ ತಪ್ಪು. ಹಾಡುವವರ ಲಯ ಕೆಟ್ಟಿದೆ ಅಂತ ಮನೆಯವರು ಬೈಯುತ್ತಾರೆ. ಲಯ ಕೆಟ್ಟಿರುವುದಿಲ್ಲ, ಗುರುತಿನ ಕಲ್ಲೇ ಮಾಯವಾಗಿರುತ್ತದೆ.

ಇನ್ನು ಪರದೆಯ ಮೇಲಿನ ಅಂಕಿ. ಎಲ್ಲಾ ಕಡೆ ಲಯವನ್ನು ನಿಮಿಷಕ್ಕೆ ಇಷ್ಟು ಅಂತ ತೋರಿಸುತ್ತಾರೆ. ಇಷ್ಟು ಏನು? ಮಾತ್ರೆಯೋ, ಮಾತ್ರೆಯ ಕಾಲು ಭಾಗವೋ? ಮಧ್ಯಲಯ ತೀನತಾಲದಲ್ಲಿ ಗೊಂದಲವಿಲ್ಲ. 60 ಅಂದರೆ ಸೆಕೆಂಡಿಗೊಂದು ಮಾತ್ರೆ, ಆವರ್ತನಕ್ಕೆ 16 ಸೆಕೆಂಡು. 240 ಅಂದರೆ ದ್ರುತ್ (ವೇಗದ ಲಯ), ನಾಲ್ಕು ಸೆಕೆಂಡಿಗೆ ಒಂದು ಸುತ್ತು. ವಿಲಂಬಿತ (ತೀರ ನಿಧಾನದ) ಏಕತಾಲಕ್ಕೆ ಬಂದಾಗ ಹಾದಿ ಕವಲೊಡೆಯುತ್ತದೆ. ಮಾತ್ರೆಗೆ ಐದು ಸೆಕೆಂಡು ಹಿಡಿದು ಹಾಡಿದರೆ ಆವರ್ತನ ಬರೋಬ್ಬರಿ ಒಂದು ನಿಮಿಷ. ಮಾತ್ರೆ ಎಣಿಸುವ ಪೆಟ್ಟಿಗೆ ಇದನ್ನು 12 ಅನ್ನುತ್ತದೆ. ಪ್ರತಿ ಮಾತ್ರೆಯನ್ನು ನಾಲ್ಕು ಪಾಲು ಮಾಡಿ ಎಣಿಸುವ ಪೆಟ್ಟಿಗೆ ಇದೇ ಲಯವನ್ನು 48 ಅನ್ನುತ್ತದೆ. ಗುರುಗಳು ‘48ಕ್ಕ ಇಟ್ಟು ಹಾಡಸ್ರಿ’ ಅಂದದ್ದನ್ನು ಮನೆಯ ಮೊದಲನೇ ಜಾತಿಯ ಪೆಟ್ಟಿಗೆಯಲ್ಲಿ ಇಟ್ಟರೆ ಖಯಾಲ್ ನಾಲ್ಕು ಪಟ್ಟು ಓಡುತ್ತದೆ. ಅನುಮಾನ ಬಂದರೆ ಅಂಕಿ ಬಿಡಿ, ಗಡಿಯಾರ ಹಿಡಿಯಿರಿ. ಒಂದು ಸಮ್‌ನಿಂದ ಮುಂದಿನ ಸಮ್‌ಗೆ ಎಷ್ಟು ಸೆಕೆಂಡು ಅಂತ ಅಳೆದು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೆಟ್ಟಿಗೆ ಬದಲಾದರೂ, ಆ್ಯಪ್ ಬದಲಾದರೂ ಆ ಲೆಕ್ಕ ಬದಲಾಗದು.

ಮಾತ್ರೆ ಎಣಿಸುವ ಜಾತಿಗೆ ಇನ್ನೊಂದು ಕೊರತೆ ಇದೆ. ಗುಂಡಿ ಒತ್ತಿದಾಗ ಒಂದೊಂದೇ ಅಂಕಿ ಏರುತ್ತದೆ. ದ್ರುತ್‌ನಲ್ಲಿ 240ರಿಂದ 241ಕ್ಕೆ ಹೋದರೆ ಕಿವಿಗೆ ಗೊತ್ತೇ ಆಗದು. ವಿಲಂಬಿತದಲ್ಲಿ 12ರಿಂದ 13ಕ್ಕೆ ಹೋದರೆ ಆವರ್ತನ 60 ಸೆಕೆಂಡಿನಿಂದ ಸುಮಾರು 55ಕ್ಕೆ ಧಡಕ್ಕನೆ ಇಳಿಯುತ್ತದೆ. ನಡುವಿನ ಲಯ ಬೇಕೆಂದರೆ ಇಲ್ಲ. ವಿಲಂಬಿತ ಹಾಡುವವರು ಕಾಲು ಪಾಲು ಎಣಿಸುವ ಪೆಟ್ಟಿಗೆಯನ್ನೇ, ಇಲ್ಲವೇ ಅರ್ಧರ್ಧ ಅಂಕಿ ಏರುವುದನ್ನೇ ಕೇಳಿ ತೆಗೆದುಕೊಳ್ಳಿ. ನಡುವೆ ಭರ್ತಿ ಇದೆಯೋ ಅನ್ನುವುದನ್ನೂ ನೋಡಿ. ಮನುಷ್ಯ ನುಡಿಸುವಾಗ ಐದು ಸೆಕೆಂಡು ಬಿಕೋ ಅನ್ನಲು ಬಿಡುವುದಿಲ್ಲ, ಸಣ್ಣ ಬೋಲ್ ತುಂಬುತ್ತಾನೆ. ಭರ್ತಿಯಿಲ್ಲದ ವಿಲಂಬಿತ ಠೇಕಾ ಅಂದರೆ ನಲ್ಲಿಯಿಂದ ತೊಟ್ಟಿಕ್ಕುವ ನೀರು.

ಹೆಸರುಗಳ ಗೊಂದಲ ಬೇರೆ. ‘ರೂಪಕ’ ಅಂತ ಇದ್ದ ಗುಂಡಿ ಒತ್ತುವ ಮೊದಲು ಪೆಟ್ಟಿಗೆ ಹಿಂದೂಸ್ತಾನಿ ಕಡೆ ಇದೆಯೋ ಕರ್ನಾಟಕ ಸಂಗೀತದ ಕಡೆಯೋ ನೋಡಿ. ಹಿಂದೂಸ್ತಾನಿ ರೂಪಕ ಏಳು ಮಾತ್ರೆ, 3+2+2: ತೀ ತೀ ನಾ | ಧೀ ನಾ | ಧೀ ನಾ. ಇಲ್ಲಿ ಸಮ್ ಬೀಳುವುದೇ ಖಾಲಿಯ ಮೇಲೆ, ಡಗ್ಗಾ ಇಲ್ಲದೆ. ಕರ್ನಾಟಕ ಸಂಗೀತದ ರೂಪಕದಲ್ಲಿ ಒಂದು ದ್ರುತ, ಒಂದು ಲಘು, ಎರಡಕ್ಕೆ ನಾಲ್ಕು ಸೇರಿ ಆರು ಅಕ್ಷರ. ಹೆಸರು ಒಂದೇ, ಒಂದು ಮಾತ್ರೆಯ ವ್ಯತ್ಯಾಸ. ಆ ಕಡೆ ಏಳು ಬೇಕೆಂದರೆ ಮಿಶ್ರ ಛಾಪು, ಅದೂ 3+4. ಇದೇ ಥರ ಆದಿತಾಳಕ್ಕೂ ಕೆಹರವಾಕ್ಕೂ ಎಂಟೇ ಅಂತ ಒಂದರ ಬದಲು ಇನ್ನೊಂದು ಹಚ್ಚಿ ಕೂರುವವರಿದ್ದಾರೆ. ಆದಿತಾಳ 4+2+2, ಒಂದು ಲಘು ಎರಡು ದ್ರುತ. ಕೆಹರವಾ 4+4, ನಟ್ಟನಡುವೆ ಐದಕ್ಕೆ ಖಾಲಿ. ದಾಸರ ಪದವನ್ನು ಕರ್ನಾಟಕ ಪದ್ಧತಿಯಲ್ಲಿ ಕಲಿಯುತ್ತಿರುವವರು, ಭರತನಾಟ್ಯದ ಮಕ್ಕಳಿಗೆ ಕೊಳ್ಳುವವರು ಮೃದಂಗದ ನುಡಿ ಇರುವ ಪೆಟ್ಟಿಗೆಯನ್ನೇ ಆರಿಸಿ. ಏಳು ತಾಳಕ್ಕೆ ಐದು ಜಾತಿ ಸೇರಿದ 35 ತಾಳಗಳೂ ಅದರಲ್ಲಿ ಇದ್ದರೆ ಆ ಉದ್ದ ಪಟ್ಟಿಗೆ ಮಾತ್ರ ಅರ್ಥವಿದೆ, ಏಕೆಂದರೆ ಪಾಠದಲ್ಲಿ ಅಲಂಕಾರಗಳು ಬರುತ್ತವೆ.

ಸ್ವತಂತ್ರ ತಬಲಾ ವಾದನ ಕಲಿಯುವವರಿಗೆ ಬೇಕಾದದ್ದು ಠೇಕಾ ಅಲ್ಲ, ಲೆಹರಾ. ಒಂದು ಆವರ್ತನದಷ್ಟು ಉದ್ದದ ಸ್ವರಸಾಲು ಸುತ್ತುತ್ತಲೇ ಇರಬೇಕು, ಅದರ ಮೇಲೆ ಕಾಯದಾ, ರೇಲಾ, ತಿಹಾಯಿ ಅನ್ನುವ ತಬಲಾ ರಚನೆಗಳು ಕೂರಬೇಕು. ಲೆಹರಾ ಸರಿಯಿದೆಯೋ ಇಲ್ಲವೋ ಅನ್ನುವುದನ್ನು ಒಂದು ತಿಹಾಯಿ ಹೇಳಿಬಿಡುತ್ತದೆ. ‘ತಿಟ ಕತ ಗದಿ ಗನ ಧಾ’, ಐದು ಮಾತ್ರೆ. ಮೂರು ಸಲ ಹೇಳಬೇಕು, ನಡುವೆ ಒಂದೊಂದು ಮಾತ್ರೆ ಬಿಡುವು. 15 ಮತ್ತು 2, ಹದಿನೇಳು. ತೀನತಾಲದ ಸಮ್‌ನಿಂದ ಹೊರಟರೆ ಕೊನೆಯ ಧಾ ಹದಿನೇಳಕ್ಕೆ, ಅಂದರೆ ಮುಂದಿನ ಸಮ್ ಮೇಲೆ ಕೂರುತ್ತದೆ. ಬಿಡುವು ಎರಡೆರಡು ಆದರೆ 19, ಧಾ ಮೂರನೇ ಮಾತ್ರೆಗೆ ಹೋಗಿ ಬಿತ್ತು. ಝಪತಾಲದಲ್ಲಿ ಮೂರು ಮಾತ್ರೆಯ ತುಂಡು, ಒಂದು ಬಿಡುವು: 9 ಮತ್ತು 2, ಹನ್ನೊಂದು, ಸಮ್. ಇದನ್ನು ಬಾಯಲ್ಲಿ ಹೇಳುತ್ತಾ ಪೆಟ್ಟಿಗೆಯ ಲೆಹರಾ ಮೇಲೆ ಕೂರಿಸಿ ನೋಡಿ. ಲೆಹರಾ ಸುತ್ತು ಮುಗಿದು ಮತ್ತೆ ಶುರುವಾಗುವ ಹೊಲಿಗೆಯಲ್ಲಿ ಕೂದಲೆಳೆಯಷ್ಟು ತಡವಾದರೂ, ಅಗ್ಗದ ಆ್ಯಪ್‌ಗಳಲ್ಲಿ ಇದು ಆಗುತ್ತದೆ, ತಿಹಾಯಿಯ ಕೊನೆಯ ಧಾ ಮೊದಲೇ ಬಿದ್ದ ಹಾಗೆ ಅನಿಸುತ್ತದೆ. ಹತ್ತು ಸಲ ಹೇಳಿ ಹತ್ತೂ ಸಲ ಹಾಗೇ ಅನಿಸಿದರೆ ತಪ್ಪು ನಿಮ್ಮದಲ್ಲ.

ಶ್ರುತಿಯ ವಿಷಯ ಸಣ್ಣದು, ಆದರೆ ಇಲ್ಲಿ ಬಿಟ್ಟರೆ ಎಲ್ಲ ಕೆಡುತ್ತದೆ. ಭಜನಾ ಮಂಡಳಿಗಳ ಹಳೇ ಪೇಟಿಗಳು (ಹಾರ್ಮೋನಿಯಂ) ಕಾಳಿ ಒಂದು (ಮೊದಲ ಕಪ್ಪು ಮನೆಯ ಶ್ರುತಿ) ಅಂದರೆ ಕಾಳಿ ಒಂದರಲ್ಲೇ ಇರುತ್ತವೆ ಅನ್ನುವ ಖಾತ್ರಿ ಇಲ್ಲ, ಒಂದಿಷ್ಟು ಮೇಲೋ ಕೆಳಗೋ ಜರುಗಿರುತ್ತವೆ. ಅರ್ಧ ಸ್ವರದ ಹೆಜ್ಜೆಯಲ್ಲಿ ಮಾತ್ರ ಏರಿಳಿಯುವ ಪೆಟ್ಟಿಗೆ ಅಂಥ ಪೇಟಿಗೆ ಹೊಂದದು. ನಡುವೆ ಸೂಕ್ಷ್ಮವಾಗಿ ತಿದ್ದುವ ಗುಂಡಿ ಇರಲೇಬೇಕು.

ಈ ಒಂದು ಜಾಗದಲ್ಲಿ ಪೆಟ್ಟಿಗೆ ನಿಜವಾದ ತಬಲಾವನ್ನು ಸೋಲಿಸುತ್ತದೆ ಅಂತಲೂ ಹೇಳಬೇಕು. ಮೇ ತಿಂಗಳ ಒಣ ಸೆಕೆಯಲ್ಲಿ ತಬಲಾದ ಪುಡಿ (ಮೇಲಿನ ಚರ್ಮದ ಹೊದಿಕೆ) ಒಣಗಿ ಬಿಗಿದು ಶ್ರುತಿ ಏರುತ್ತದೆ. ಸೆಕೆ ತಾಳದೆ ಕೂಲರ್ ಹಚ್ಚಿದರೆ ಆ ತಂಪು ಗಾಳಿಯ ಪಸೆ ಚರ್ಮಕ್ಕೆ ತಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಒಂದೇ ಮಧ್ಯಾಹ್ನದಲ್ಲಿ ಸುತ್ತಿಗೆ ಎರಡು ಸಲ ಮೇಲಿನಿಂದ, ಎರಡು ಸಲ ಕೆಳಗಿನಿಂದ. ಪೆಟ್ಟಿಗೆಗೆ ಈ ಕಾಟವಿಲ್ಲ. ತಬಲಾ ಇಟ್ಟುಕೊಂಡವರು ಕೂಲರಿನ ಬಾಯಿಗೆ ಅಡ್ಡ ಕೂರಬೇಡಿ, ಅಷ್ಟೇ.

ಭಜನಾ ಮಂಡಳಿಗಳಿಗೆ ಪೆಟ್ಟಿಗೆ ಬೇಕೇ? ಶರಣಬಸವೇಶ್ವರ ಗುಡಿಯ ಸುತ್ತಿನ ಓಣಿಗಳಿಂದ ಯಾದಗಿರಿಯ ಹಳ್ಳಿಗಳತನಕ ಭಜನೆ ನಿಧಾನಕ್ಕೆ ಎದ್ದು, ಚರಣದಿಂದ ಚರಣಕ್ಕೆ ಬಿಸಿಯಾಗಿ, ಕೊನೆಗೆ ದುಪ್ಪಟ್ಟಿನಲ್ಲಿ ಮುಗಿಯುತ್ತದೆ. ಅದು ದೋಷವಲ್ಲ, ಅದರ ನಡೆಯೇ ಹಾಗೆ. ಬಂದೇ ನವಾಜ್ ದರ್ಗಾದ ಕವ್ವಾಲಿಯಲ್ಲೂ ಚಪ್ಪಾಳೆ ಹೀಗೇ ಏರುತ್ತದೆ. ಒಂದೇ ಅಂಕಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುವ ಪೆಟ್ಟಿಗೆಯನ್ನು ಅದರ ನಡುವೆ ಇಟ್ಟರೆ ಇಬ್ಬರಿಗೂ ಹಿಂಸೆ. ಏಕತಾರಿ, ದಮ್ಮಡಿ ಹಿಡಿದ ತತ್ವಪದದವರಿಗಂತೂ ಬೇಡವೇ ಬೇಡ. ತಾಲೀಮಿಗೆ ಮಾತ್ರ ಒಳ್ಳೆಯ ಉಪಯೋಗವಿದೆ. ಪೆಟ್ಟಿಗೆಯಲ್ಲಿ ಕೆಹರವಾ ಹಚ್ಚಿ ಲಯ ಹಿಡಿದುಕೊಂಡು, ಅದನ್ನು ಬಂದ್ ಮಾಡಿ ಎರಡು ಚರಣ ಹಾಡಿ, ಮತ್ತೆ ಹಚ್ಚಿ. ಲಯ ಎಷ್ಟು ಓಡಿದೆ ಅಂತ ಎಲ್ಲರಿಗೂ ಕೇಳುತ್ತದೆ. ಬೇಕೆಂದು ಏರಿಸುವುದಕ್ಕೂ ಗೊತ್ತಿಲ್ಲದೆ ಓಡುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ. ಗುಂಡಿಯನ್ನು ಬೆರಳಿನಿಂದ ತಟ್ಟಿ ಲಯ ಕೊಡುವ ಸೌಲಭ್ಯ ಇದ್ದರೆ ಈ ಕೆಲಸ ಸಲೀಸು.

ಮೊಬೈಲ್ ಆ್ಯಪ್ ಸಾಲದೇ ಅನ್ನುವವರಿಗೆ: ಧ್ವನಿಯಲ್ಲಿ ಒಳ್ಳೆಯ ಆ್ಯಪ್‌ಗಳು ಈಗ ಪೆಟ್ಟಿಗೆಗಿಂತ ಕಡಿಮೆಯಿಲ್ಲ, ದುಡ್ಡಿಗೆ ಹೆಚ್ಚು ಬರುತ್ತದೆ. ತಂತಿಯಿಂದ ದೊಡ್ಡ ಸ್ಪೀಕರಿಗೆ ಜೋಡಿಸಿದರೆ ನಮ್ಮ ಮೊದಲ ಆಯ್ಕೆಯೂ ಅದೇ. ಬ್ಲೂಟೂತ್ ಬೇಡ. ಸದ್ದು ಸ್ವಲ್ಪ ತಡವಾಗಿ ಹೊರಡುತ್ತದೆ, 150 ಮಿಲಿಸೆಕೆಂಡು ಅಂತ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಕೇಳಿದರೆ ತೊಂದರೆಯಿಲ್ಲ. ಪರದೆಯ ಮೇಲೆ ಓಡುವ ಮಾತ್ರೆ ನೋಡುತ್ತಾ ಹಾಡಿದಿರೋ, ದ್ರುತ್ 240ರಲ್ಲಿ ಒಂದು ಮಾತ್ರೆಗೆ 250 ಮಿಲಿಸೆಕೆಂಡು, ಕಣ್ಣು ಕಿವಿಗಿಂತ ಅರ್ಧ ಮಾತ್ರೆ ಮುಂದೆ ಹೋಗಿರುತ್ತದೆ. ಫೋನ್ ಬಂದರೆ ಆವರ್ತನದ ನಡುವೆಯೇ ಠೇಕಾ ನಿಲ್ಲುವುದು ಬೇರೆ ಮಾತು, ಅದಕ್ಕೆ ಏರೋಪ್ಲೇನ್ ಮೋಡ್ ಇದೆ. ಕಣ್ಣು ಮಂಜಾದ ಹಿರಿಯರಿಗೆ, ಮಂಡಳಿಯ ಹತ್ತು ಜನರ ಕೈಗೆ ಹೋಗುವ ಕಡೆಗೆ, ಗುಂಡಿಯಿರುವ ಪೆಟ್ಟಿಗೆಯೇ ಲೇಸು.

ಬೆಲೆಯಲ್ಲಿ ಐದಂಕಿ ಮುಟ್ಟದವೂ ಇವೆ, ದಾಟಿದವೂ ಇವೆ. ತಾನಪುರಾ, ಲೆಹರಾ, ತಬಲಾ ಮೂರೂ ಒಂದರಲ್ಲೇ ಬೇಕೆನ್ನುವವರು ಹೆಚ್ಚು ಕೊಡಬೇಕು. ಹಾಡುಗಾರರಿಗೆ ಕೊಟ್ಟದ್ದು ದಕ್ಕುತ್ತದೆ, ತಬಲಾ ಕಲಿಯುವವರಿಗೆ ದಂಡ. ಇನ್ನೂ ಕೈಯಲ್ಲಿ ತಾಲ ಹಾಕಲು ಬಾರದ ಮಕ್ಕಳಿಗೆ ಸದ್ಯ ಯಾವುದನ್ನೂ ಕೊಡಿಸಬೇಡಿ. ದಾದರಾ, ಕೆಹರವಾ, ತೀನತಾಲ ಮೂರನ್ನೂ ಬಾಯಲ್ಲಿ ಬೋಲ್ ಹೇಳುತ್ತಾ ಕೈಯಲ್ಲಿ ಠಾಯಿ (ಮೂಲ ಲಯ) ಮತ್ತು ದುಗುನ್ (ಅದರ ಎರಡರಷ್ಟು) ಹಾಕಲು ಬಂದಮೇಲೆ ನೋಡೋಣ.

ಬಾಳಿಕೆಗೆ ಎರಡು ಮಾತು. ಹಳೇ ಮಾದರಿಯ ತಿರುಗುವ ಗುಂಡಿಗಳಲ್ಲಿ ಧೂಳು ಹೊಕ್ಕು ಕರಕರ ಸದ್ದು ಬರುತ್ತದೆ, ಲಯ ತಾನೇ ಜಿಗಿಯುತ್ತದೆ. ರೇಡಿಯೊ ರಿಪೇರಿಯವರ ಹತ್ತಿರ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿದರೆ ಹೋಗುತ್ತದೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಪರದೆ ಕಪ್ಪಿಡುತ್ತದೆ. ತಣ್ಣಗಾದ ಮೇಲೆ ಸಾಮಾನ್ಯವಾಗಿ ಮರಳುತ್ತದೆ, ಆದರೆ ಒಳಗಿನ ಬ್ಯಾಟರಿ ಉಬ್ಬಿದರೆ ಮರಳದು. ಕರೆಂಟ್ ಹೋದಾಗ ನಡೆಯುವಂತೆ ಬ್ಯಾಟರಿ ಇರುವುದನ್ನೇ ಕೊಳ್ಳಿ. ಅಡಾಪ್ಟರ್ ಕಳೆದರೆ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ. ಪಿನ್ನು ಕೂತಿತು ಅಂದ ಮಾತ್ರಕ್ಕೆ ಹೊಂದಿತು ಅಂತಲ್ಲ, ವೋಲ್ಟು ಒಂದೇ ಇದ್ದರೂ ಪಿನ್ನಿನ ನಡುವಿನ ತುದಿ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಇರುತ್ತದೆ. ಉಲ್ಟಾ ಆದರೆ ಬೋರ್ಡು ಸುಡುತ್ತದೆ, ಅದು ಊರಲ್ಲಿ ರಿಪೇರಿ ಆಗುವುದಿಲ್ಲ, ಕಂಪನಿಗೇ ಕಳಿಸಬೇಕು. ಕೊಂಡ ದಿನವೇ ಅಡಾಪ್ಟರಿನ ಬೆನ್ನಿನ ಮೇಲಿರುವ ಅಂಕಿಗಳನ್ನೂ ಆ ಪ್ಲಸ್ ಮೈನಸ್ ಗುರುತನ್ನೂ ಫೋನಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.